ನ್ಯಾನೋಜೆಲ್ ಪ್ರಾಜೆಕ್ಟ್, ನಾಲ್ಕನೇ ವಾರ: ಚೀಲದೊಳಗೇ ಉಳಿದ ಹಳದಿ

ಮೂರು ವಾರದಿಂದ ನನ್ನ ಲೆಕ್ಕದಲ್ಲಿ ಕೂತಿದ್ದ ತಪ್ಪು ಈ ವಾರ ಸಿಕ್ಕಿತು.

ಹೊಸಬರಿಗೆ ಚಿಕ್ಕದಾಗಿ ಹೇಳುತ್ತೇನೆ. ಪುಲ್ಲುಲಾನ್ ಅನ್ನೋದು ನೀರಿನಲ್ಲಿ ಕರಗುವ ಸಕ್ಕರೆ ಸರಪಳಿ. ಅದಕ್ಕೆ ಅಲ್ಲೊಂದು ಇಲ್ಲೊಂದು ಕೊಲೆಸ್ಟ್ರಾಲ್ ಸೇರಿಸಿ ನೀರಿಗೆ ಹಾಕಿದರೆ, ನೀರನ್ನು ಒಲ್ಲದ ಕೊಲೆಸ್ಟ್ರಾಲ್‌ಗಳು ಒಟ್ಟುಗೂಡಿ ಗಂಟು ಕಟ್ಟುತ್ತವೆ. ಆ ಗಂಟುಗಳೇ ಸರಪಳಿಗಳನ್ನು ಹಿಡಿದು ಅತಿ ಸಣ್ಣ ಜೆಲ್ ಕಣ, ಅಂದರೆ ನ್ಯಾನೋಜೆಲ್ ಮಾಡುತ್ತವೆ. ಬೇರೆ ಅಂಟು ಬೇಕಿಲ್ಲ. ಜಪಾನಿನ ಕಝುನಾರಿ ಅಕಿಯೋಶಿ ಮತ್ತು ಸಂಗಡಿಗರು ಇದನ್ನು 1993ರಲ್ಲೇ ತೋರಿಸಿದ್ದರು. ಎಷ್ಟು ಸರಳ, ಎಷ್ಟು ಚಂದ ಅಲ್ವಾ? ನೀರಿಗೆ ಸೇರದ ಔಷಧಿಗೂ ಆ ಗಂಟಿನಲ್ಲೇ ಜಾಗ. ನಾನು ತುಂಬುತ್ತಿರುವುದು ಕರ್ಕ್ಯುಮಿನ್, ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ವಸ್ತು.

ಕರ್ಕ್ಯುಮಿನ್ನನ್ನು ಡಿಎಂಎಸ್‌ಒ ಅನ್ನೋ ದ್ರಾವಕದಲ್ಲಿ ಕರಗಿಸಿ ಜೆಲ್‌ಗೆ ಹನಿಸುತ್ತಿದ್ದೆ. ರಾತ್ರಿಯಿಡೀ ಡಯಾಲಿಸಿಸ್: ಕರಗಿದ ಸಣ್ಣ ಅಣುಗಳನ್ನಷ್ಟೇ ಆಚೆ ಬಿಡುವ ಪೊರೆಯ ಚೀಲದಲ್ಲಿ ತುಂಬಿ ನೀರಿನಲ್ಲಿ ಇಡೋದು. ಬೆಳಗ್ಗೆ ಚೀಲದಲ್ಲಿದ್ದದ್ದನ್ನು ಮತ್ತೆ ಡಿಎಂಎಸ್‌ಒದಲ್ಲಿ ಕರಗಿಸಿ, 425 ನ್ಯಾನೋಮೀಟರ್‌ನ ಬೆಳಕನ್ನು ಎಷ್ಟು ಹೀರುತ್ತದೆ ಅಂತ ಅಳೆಯುತ್ತಿದ್ದೆ. 88% ಒಳಗೆ ಹೋಗಿದೆ ಅಂತ ಖುಷಿಪಟ್ಟೆ. ಚದುರಿದ ಬೆಳಕಿನಿಂದ ಕಣಗಳ ಗಾತ್ರ ಅಳೆಯುವ ಡಿಎಲ್‌ಎಸ್‌ನ ಗ್ರಾಫಿನಲ್ಲಿ 45 ನ್ಯಾನೋಮೀಟರ್ ಹತ್ತಿರ ಒಂದು ಗುಡ್ಡ, 1000 ದಾಟಿ ಇನ್ನೊಂದು. ಎರಡನೆಯದು ಧೂಳು ಇರಬೇಕು ಅಂದುಕೊಂಡೆ. ದೊಡ್ಡ ಕಣ ನಾಲ್ಕಿದ್ದರೂ ಬೆಳಕನ್ನು ಜಾಸ್ತಿ ಚದುರಿಸುತ್ತದೆ, ಹಾಗಾಗಿ ಚಿಂತೆ ಮಾಡಲಿಲ್ಲ.

ಸೋಮವಾರ 0.45 ಮೈಕ್ರಾನ್ (450 ನ್ಯಾನೋಮೀಟರ್) ಫಿಲ್ಟರ್ ಹಾಕಿದೆ. ಸಿರಿಂಜ್ ಒತ್ತಲು ಬಲ ಬೇಕಾಯಿತು. ಬಿಳಿ ಪೊರೆ ನಡುವಿನಿಂದ ಅಂಚಿನವರೆಗೂ ದಟ್ಟ ಹಳದಿ. ಕೆಳಗೆ ಬಿದ್ದ ದ್ರಾವಣ ತೆಳು ನಿಂಬೆ ಬಣ್ಣ. ಅಳೆದರೆ 31%.

ಆಗ ಅರ್ಥವಾಯಿತು. ಜೆಲ್‌ಗೆ ಸೇರದ ಔಷಧಿ ಚೀಲದಿಂದ ಆಚೆ ಹೋಗುತ್ತದೆ ಅಂತ ನಂಬಿದ್ದೆ. ಕರಗಿದ್ದರೆ ತಾನೇ ಹೋಗೋದು? ಡಿಎಂಎಸ್‌ಒ ಹೊರಗೆ ಹೋದಂತೆ ಕರ್ಕ್ಯುಮಿನ್ ಚೀಲದೊಳಗೇ ಹರಳಾಗಿತ್ತು. ಹರಳು ಪೊರೆ ದಾಟುವುದಿಲ್ಲ. ಅದನ್ನೂ ಕರಗಿಸಿ ಜೆಲ್‌ನ ಲೆಕ್ಕಕ್ಕೆ ಬರೆದಿದ್ದೆ.

ಜೆಲ್ ಇಲ್ಲದೆ ಬರೀ ಕರ್ಕ್ಯುಮಿನ್ ಇಟ್ಟು ಅದೇ ಕೆಲಸ ಮಾಡಿದೆ. ಹಳದಿಯೆಲ್ಲ ಫಿಲ್ಟರ್‌ನಲ್ಲೇ ಉಳಿಯಿತು, ಕೆಳಗೆ ಬಣ್ಣವಿಲ್ಲದ ನೀರು. ಈ ಹೋಲಿಕೆಯನ್ನು ಮೊದಲ ದಿನವೇ ಮಾಡಬೇಕಿತ್ತು.

ಆಮೇಲೆ 10 ಮಿಲಿಗ್ರಾಂ ಜೆಲ್‌ಗೆ 2 ಮಿಲಿಗ್ರಾಂ ಬದಲು 0.5 ಮಿಲಿಗ್ರಾಂ ಮಾತ್ರ ಹಾಕಿದೆ, ನಿಧಾನವಾಗಿ ಹನಿಸಿದೆ. ಫಿಲ್ಟರ್ ಮಾಡಿದ ಮೇಲೂ 74% ಉಳಿಯಿತು. ಒಟ್ಟು ತುಂಬಿದ್ದು ಮೊದಲಿಗಿಂತ ಕಡಿಮೆಯೇ, 0.37 ಮಿಲಿಗ್ರಾಂ. ಆದರೆ ಹರಳಿಲ್ಲ, ಡಿಎಲ್‌ಎಸ್‌ನಲ್ಲಿ ಒಂದೇ ಗುಡ್ಡ. ನನಗೆ ಇದೇ ಬೇಕು.

ಮುಂದೆ ಬಿಡುಗಡೆ ಪರೀಕ್ಷೆ, ಅಂದರೆ ಜೆಲ್‌ನಿಂದ ಔಷಧಿ ಚೀಲದ ಹೊರಗಿನ ದ್ರಾವಣಕ್ಕೆ (ಬಫರ್) ಎಷ್ಟು ಬರುತ್ತದೆ ಅಂತ ನೋಡೋದು. ಅಲ್ಲೂ ಇದೇ ಮೋಸ ಕಾದಿದೆ. ಹೊರಗಿನ ಬಫರ್ ಕರ್ಕ್ಯುಮಿನ್ನನ್ನು ಕರಗಿಸದಿದ್ದರೆ, ಜೆಲ್ ಬಿಟ್ಟರೂ ಬಿಟ್ಟಿಲ್ಲ ಅಂತಲೇ ಕಾಣುತ್ತದೆ. ಹಾಗಾಗಿ ಬಫರ್‌ಗೆ, ಕರ್ಕ್ಯುಮಿನ್ ಕರಗಲು ನೆರವಾಗುವ, ಸೋಪಿನಂಥ ಟ್ವೀನ್ 80 ಸ್ವಲ್ಪ ಸೇರಿಸಿದ್ದೇನೆ. ಬೆಳಕಿಗೆ ಕೆಡದಂತೆ ಬೀಕರ್‌ಗೆ ಫಾಯಿಲ್ ಸುತ್ತಿದ್ದೇನೆ. ಜೊತೆಗೆ ಜೆಲ್ ಇಲ್ಲದ ಚೀಲವೂ ಒಂದು ಇದೆ, ಈ ಸಲ ಮೊದಲ ದಿನದಿಂದಲೇ.