ಬ್ರೇಕ್ ಲೈಟೂ ಕ್ರೂಸೂ

ಇವತ್ತು ಕುಂಬಳೆ ಪೇಟೆಯಲ್ಲಿ ಮುಂದಿದ್ದ ಬೈಕಿನ ಬ್ರೇಕ್ ಲೈಟು ಆರಲೇ ಇಲ್ಲ. ಸರ್ವೀಸ್ ಮುಗಿಸಿ ಬಂದದ್ದಂತೆ. ಥ್ರಾಟಲ್ ತಿರುಗಿಸಿ ಹಿಡಿಯದೆಯೇ ಒಂದೇ ವೇಗದಲ್ಲಿ ಓಡಿಸುವ ಕ್ರೂಸ್ ಕಂಟ್ರೋಲೂ ಹಿಡಿಯುತ್ತಿಲ್ಲವಂತೆ.

ಎರಡೂ ಒಂದೇ ರೋಗ ಮಾರಾಯ್ರೆ. ಬ್ರೇಕ್ ಒತ್ತಿದೆ ಅಂತ ಬ್ರೇಕ್ ಲೈಟಿನ ಸ್ವಿಚ್ಚು ಹೇಳುತ್ತಿರುವಷ್ಟು ಹೊತ್ತು ಕ್ರೂಸ್ ಸೆಟ್ ಆಗುವುದಿಲ್ಲ. ಆಗಲೂಬಾರದು.

ಇಗ್ನಿಷನ್ ಆನ್ ಮಾಡಿ, ಹಿಂದಿನ ಬ್ರೇಕಿನ ಪೆಡಲನ್ನು ಕೈಯಲ್ಲಿ ಮೇಲಕ್ಕೆತ್ತಿ. ಲೈಟು ಆರಿತಾ? ಹಾಗಾದರೆ ಹಿಂದಿನ ಸ್ವಿಚ್ಚಿನ ಅಡ್ಜಸ್ಟ್‌ಮೆಂಟ್ ತಪ್ಪಿದೆ, ಇಲ್ಲವೇ ಪೆಡಲ್ ಪೂರ್ತಿ ವಾಪಸ್ ಬರುತ್ತಿಲ್ಲ. ಸ್ಪ್ರಿಂಗ್ ಎಳೆಯುವ ಸ್ವಿಚ್ಚಾದರೆ ಅದನ್ನು ಗಟ್ಟಿ ಹಿಡಿದು ನಟ್ಟು ಮಾತ್ರ ತಿರುಗಿಸಿ. ಸ್ವಿಚ್ಚೇ ತಿರುಗಿದರೆ ವಯರು ತುಂಡಾಗಬಹುದು. ಗಡಿಬಿಡಿಯಲ್ಲಿ ಆಗುವುದೇ ಇದು.

ಆರದಿದ್ದರೆ ಮುಂದಿನ ಬ್ರೇಕ್ ಲಿವರಿನ ಸ್ವಿಚ್ಚು ನೋಡಿ. ಹೆಚ್ಚಿನ ಬೈಕುಗಳಲ್ಲಿ ಅದರ ಕನೆಕ್ಟರ್ ಕಳಚಿದಾಗ ಲೈಟು ಆರಿದರೆ ಕಳ್ಳ ಸಿಕ್ಕಿದ ಹಾಗೆ.

ಲೈಟು ಸರಿಯಿದ್ದೂ ಕ್ರೂಸ್ ಹಿಡಿಯದಿದ್ದರೆ ಕ್ಲಚ್ ಸ್ವಿಚ್ಚಿನ ಕಡೆ ಹೋಗಿ.