ಅಡ್ಡಹೆಸರಿನ ಜಾಡು ಹಿಡಿದು ವಾಷಿಂಗ್ಟನ್ ಎಂಬ ಹಳ್ಳಿಗೆ

ನ್ಯೂಕ್ಯಾಸಲ್‌ನಿಂದ ಹೊರಟ ಬಸ್ಸಿನ ಹಣೆಯ ಮೇಲೆ ‘ವಾಷಿಂಗ್ಟನ್’ ಎಂದು ಬರೆದಿದ್ದನ್ನು ಓದಿ ಹತ್ತಿದಾಗಲೇ, ಅಮೆರಿಕದ ಆ ಮಹಾನಗರದ ಹೆಸರು ನನ್ನ ಮನಸ್ಸಿನಿಂದ ಸ್ವಲ್ಪ ದೂರ ಸರಿದಿತ್ತು. ಇಂಗ್ಲೆಂಡಿನ ಈಶಾನ್ಯ ಮೂಲೆಯ ಈ ಊರಿಗೆ ಈಗ ಪ್ರಯಾಣಿಕರ ರೈಲಿಲ್ಲ. ಒಂದು ಕಾಲದಲ್ಲಿ ಕಲ್ಲಿದ್ದಲ ಗಣಿಗಳಿಂದ ಬದುಕಿದ್ದ ಹಳ್ಳಿಗಳನ್ನೆಲ್ಲ ಸೇರಿಸಿ 1964ರಲ್ಲಿ ಇದನ್ನು ಹೊಸ ಪಟ್ಟಣವೆಂದು ಘೋಷಿಸಲಾಯಿತು. ವೃತ್ತಗಳನ್ನೂ ಒಂದೇ ಬಗೆಯ ಮನೆಗಳ ಸಾಲುಗಳನ್ನೂ ದಾಟಿ ಹಳೆಯ ಹಳ್ಳಿಯಲ್ಲಿ ಇಳಿದರೆ ಹಸಿರು ಬಯಲು, ದಿಬ್ಬದ ಮೇಲೊಂದು ಚರ್ಚು, ಅದರ ಮಗ್ಗುಲಲ್ಲೇ ಜೇನುಬಣ್ಣದ ಮರಳುಗಲ್ಲಿನ ಒಂದು ಮನೆ. ವಾಷಿಂಗ್ಟನ್ ಎಂಬ ಅಡ್ಡಹೆಸರು ಹುಟ್ಟಿದ್ದು ಈ ಮನೆಯ ನೆಲದಲ್ಲಿ.

ನಮ್ಮ ಉತ್ತರ ಕರ್ನಾಟಕದಲ್ಲಿ ಊರಿನ ಹೆಸರೇ ಮನೆತನದ ಹೆಸರಾಗುವುದು ತೀರ ಸಹಜ. ಅಡ್ಡಹೆಸರು ಹೇಳಿದೊಡನೆ ಎದುರಿನವರು ಮೂಲ ಊರು ಯಾವ ತಾಲ್ಲೂಕಿನದೆಂದು ಲೆಕ್ಕ ಹಾಕುತ್ತಾರೆ. ಕರಾವಳಿಯಲ್ಲೂ ಇದೇ ಪದ್ಧತಿ. ಕಾರ್ನಾಡ ಎಂಬುದು ಮೂಲ್ಕಿಯ ಪಕ್ಕದ ಊರು ಎಂದು ತಿಳಿದವರು ಬಹಳ ಮಂದಿ. ಆದ್ದರಿಂದ ಇಂಗ್ಲಿಷರ ಅಡ್ಡಹೆಸರುಗಳಲ್ಲಿ ಕಸುಬಿನಿಂದ ಬಂದ ಸ್ಮಿತ್, ತಂದೆಯ ಹೆಸರಿನಿಂದ ಬಂದ ಜಾನ್ಸನ್ ಮುಂತಾದವುಗಳಿಗಿಂತ ಊರಿನಿಂದ ಬಂದ ಹೆಸರುಗಳೇ ನನಗೆ ಹೆಚ್ಚು ಆಪ್ತವೆನಿಸುತ್ತವೆ. ಅಂಥ ಹೆಸರು ಹೊತ್ತವರು ತಮಗೆ ಗೊತ್ತಿದ್ದರೂ ಇಲ್ಲದಿದ್ದರೂ ಒಂದು ಊರನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತಾರೆ.

ಈ ಊರಿನ ಹೆಸರನ್ನು ಬಿಡಿಸಿ ನೋಡಿದರೆ ಹಳೆಯ ಇಂಗ್ಲಿಷಿನ ಮೂರು ತುಂಡುಗಳು ಸಿಗುತ್ತವೆ. ಕೊನೆಯ ‘ಟನ್’ ಎಂದರೆ ಬೇಲಿ ಹಾಕಿದ ಹೊಲಮನೆ, ಮುಂದೆ ಬೆಳೆದು ಊರು. ನಮ್ಮ ‘ಹಳ್ಳಿ’, ‘ಊರು’ಗಳು ಹೆಸರಿನ ತುದಿಗೆ ಅಂಟಿಕೊಂಡಂತೆಯೇ ಅದು ಇಂಗ್ಲೆಂಡಿನ ನೂರಾರು ಊರುಗಳಿಗೆ ಅಂಟಿಕೊಂಡಿದೆ. ನಡುವಿನ ‘ಇಂಗ್’ ಒಬ್ಬನ ಜನರನ್ನು, ಅವನಿಗೆ ಸೇರಿದ್ದನ್ನು ಸೂಚಿಸುತ್ತದೆ. ಮೊದಲಿನದು ಹ್ವಾಸ ಅಥವಾ ವಸ್ಸ ಎಂಬಂಥ ಒಬ್ಬ ಮನುಷ್ಯನ ಹೆಸರೆಂದು ವಿದ್ವಾಂಸರ ಊಹೆ. ಅಂದರೆ ವಾಷಿಂಗ್ಟನ್ ಎಂದರೆ ವಸ್ಸನ ಜನರ ಊರು. ಆ ವಸ್ಸ ರೈತನೋ ಪಾಳೆಯಗಾರನೋ ಹೇಳುವ ದಾಖಲೆಯೊಂದೂ ಉಳಿದಿಲ್ಲ, ಹೆಸರು ಮಾತ್ರ ಉಳಿದಿದೆ.

ಊರಿನ ಹೆಸರು ಮನುಷ್ಯನ ಹೆಸರಾದದ್ದು ಹನ್ನೆರಡನೆಯ ಶತಮಾನದಲ್ಲಿ. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಬಳಿಕ, ಜಮೀನುಳ್ಳವರು ತಮ್ಮ ಜಮೀನಿನ ಹೆಸರಿಗೆ ‘ಡಿ’ (ಅಂದರೆ ‘ಆ ಊರಿನ’) ಸೇರಿಸಿ ಗುರುತಿಸಿಕೊಳ್ಳುವ ರೂಢಿ ಬಲಿಯಿತು. ಸ್ಟಾಕ್‌ಟನ್ ಬಳಿಯ ಹಾರ್ಟ್‌ಬರ್ನ್‌ನಲ್ಲಿ ಜಮೀನು ಹೊಂದಿದ್ದ ವಿಲಿಯಂ ಡಿ ಹರ್ಟ್‌ಬರ್ನ್ ಎಂಬವನು ಡರಮ್‌ನ ಬಿಷಪ್ಪರೊಡನೆ ಜಮೀನು ಬದಲಾಯಿಸಿಕೊಂಡು ಇಲ್ಲಿಗೆ ಬಂದು ವಿಲಿಯಂ ಡಿ ವೆಸಿಂಗ್ಟನ್ ಆದನು. ಬಿಷಪ್ ಹ್ಯೂ ಡಿ ಪ್ಯೂಸೆ 1183ರಲ್ಲಿ ತನ್ನ ಸೀಮೆಯ ಜಮೀನುಗಳ ಲೆಕ್ಕ ಬರೆಯಿಸಿದ ಬೋಲ್ಡನ್ ಪುಸ್ತಕದಲ್ಲಿ ಈ ವಿನಿಮಯ ದಾಖಲಾಗಿದೆ. ವರ್ಷಕ್ಕೆ ನಾಲ್ಕು ಪೌಂಡ್ ಕೊಡಬೇಕು, ಬಿಷಪ್ಪರ ದೊಡ್ಡ ಬೇಟೆಗೆ ನಾಲ್ಕು ಬೇಟೆನಾಯಿಗಳೊಂದಿಗೆ ಹಾಜರಾಗಬೇಕು ಎಂಬುದು ಷರತ್ತು. ಈ ಮನುಷ್ಯ ಅದೇ ಹಾರ್ಟ್‌ಬರ್ನ್‌ನಲ್ಲಿ ಉಳಿದುಬಿಟ್ಟಿದ್ದರೆ ಅಮೆರಿಕದ ರಾಜಧಾನಿಗೆ ಇಂದು ಬೇರೊಂದೇ ಹೆಸರಿರುತ್ತಿತ್ತು.

ಈಗ ನಿಂತಿರುವ ಮನೆ ಬಹುಪಾಲು ಹದಿನೇಳನೆಯ ಶತಮಾನದ್ದು. ಆದರೆ ಅಡುಗೆಮನೆಗೂ ನಡುಮನೆಗೂ ನಡುವೆ ಇರುವ ಕಲ್ಲಿನ ಕಮಾನುಗಳು ಮೊದಲಿನ ಕಟ್ಟಡದವು. ನಾನು ಬಹಳ ಹೊತ್ತು ನಿಂತದ್ದು ಅವುಗಳ ಕೆಳಗೆ. ಅಚ್ಚುಕಟ್ಟಾಗಿ ಜೋಡಿಸಿದ ಪೀಠೋಪಕರಣಗಳು, ಗೋಡೆಯ ಚಿತ್ರಗಳು, ಜಾರ್ಜ್ ವಾಷಿಂಗ್ಟನ್‌ರ ಶಿಲ್ಪ ಎಲ್ಲವೂ ಆಮೇಲೆ ತಂದಿಟ್ಟವು. ಹೆಸರಿನ ಮೂಲದ ಕಾಲಕ್ಕೆ ಕೈಚಾಚಿ ಮುಟ್ಟಬಹುದಾದದ್ದು ಆ ಕಲ್ಲು ಮಾತ್ರ. ಮನೆತನ ಇಲ್ಲಿ ಉಳಿಯಲಿಲ್ಲ. ಗಂಡುಸಂತತಿ ಇಲ್ಲದೆ ಜಮೀನು ಮದುವೆಯ ಮೂಲಕ ಬೇರೆಯವರ ಪಾಲಾಯಿತು, 1613ರಲ್ಲಿ ಮತ್ತೆ ಡರಮ್‌ನ ಬಿಷಪ್ಪರ ಕೈಸೇರಿತು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಬಡ ಕುಟುಂಬಗಳು ಕೋಣೆ ಕೋಣೆಯಾಗಿ ಹಂಚಿಕೊಂಡು ಬಾಡಿಗೆಗಿದ್ದ ವಠಾರ ಇದಾಗಿತ್ತು. ಮಹಡಿಯಲ್ಲಿ ಆ ಬಾಡಿಗೆದಾರರ ಬದುಕನ್ನು ನೆನಪಿಸುವ ಕೋಣೆಯನ್ನು ಉಳಿಸಿರುವುದು ನನಗೆ ತುಂಬ ಸರಿಯೆನಿಸಿತು. ಕೆಡವಬೇಕೆಂದಿದ್ದ ಈ ಕಟ್ಟಡವನ್ನು 1936ರಲ್ಲಿ ಊರಿನ ಶಾಲಾ ಮಾಸ್ತರರಾದ ಫ್ರೆಡ್ ಹಿಲ್ ಮುಂದೆ ನಿಂತು ಉಳಿಸಿದರು. ಅದು 1955ರಲ್ಲಿ ಜನರಿಗೆ ತೆರೆಯಿತು, ಎರಡು ವರ್ಷಗಳ ನಂತರ ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ಸುಪರ್ದಿಗೆ ಬಂತು. ಹೊರಗಿನ ಬಯಲಿನಲ್ಲಿ 1977ರ ಮೇ ತಿಂಗಳಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಬಂದು ಟ್ಯುಲಿಪ್ ಮರವೊಂದನ್ನು ನೆಟ್ಟರು.

ಮನೆತನದ ಲಾಂಛನ ಬಿಳಿಯ ಮೇಲೆ ಎರಡು ಕೆಂಪು ಪಟ್ಟಿ, ಅವುಗಳ ಮೇಲೆ ಮೂರು ಕೆಂಪು ನಕ್ಷತ್ರ. ಅಮೆರಿಕದ ರಾಷ್ಟ್ರಧ್ವಜ ಇದರಿಂದ ಹುಟ್ಟಿತೆಂಬ ಮಾತಿಗೆ ಆಧಾರವಿಲ್ಲ. ಆದರೆ ರಾಜಧಾನಿ ವಾಷಿಂಗ್ಟನ್ ನಗರ 1938ರಲ್ಲಿ ಒಪ್ಪಿಕೊಂಡ ಧ್ವಜ ನಿಸ್ಸಂದೇಹವಾಗಿ ಇದೇ. ಲಾಂಛನ ಹೊತ್ತ ಒಂದು ಕವಲು ಲ್ಯಾಂಕಾಶೈರ್‌ಗೆ ಹೋಯಿತು, ಅಲ್ಲಿಂದ ನಾರ್ತಾಂಪ್ಟನ್ ಸೀಮೆಗೆ. ಉಣ್ಣೆ ವ್ಯಾಪಾರಿಯಾದ ಲಾರೆನ್ಸ್ ವಾಷಿಂಗ್ಟನ್ ಎಂಟನೆಯ ಹೆನ್ರಿ ಮಠಗಳ ಆಸ್ತಿಯನ್ನು ಮಾರಿದಾಗ 1539ರಲ್ಲಿ ಸಲ್ಗ್ರೇವ್ ಜಮೀನನ್ನು ಕೊಂಡುಕೊಂಡನು. ಅವನ ವಂಶದ ಜಾನ್ 1656ರ ಆಸುಪಾಸಿನಲ್ಲಿ ವರ್ಜೀನಿಯಾಕ್ಕೆ ಹಡಗು ಹತ್ತಿದನು. ಜಾರ್ಜ್ ಆತನ ಮರಿಮಗ.

ಇಲ್ಲಿಯವರೆಗಿನ ಕಥೆಯನ್ನು ಆ ಮನೆಯ ಗೋಡೆಗಳೇ ಹೇಳುತ್ತವೆ. ಆದರೆ ನನ್ನನ್ನು ಅಷ್ಟು ದೂರ ಕರೆದುಕೊಂಡು ಹೋದದ್ದು ಹೆಸರಿನ ಮುಂದಿನ ಕಥೆ. ಅಮೆರಿಕದ 2000ನೇ ಇಸವಿಯ ಜನಗಣತಿಯಲ್ಲಿ ವಾಷಿಂಗ್ಟನ್ ಎಂಬ ಅಡ್ಡಹೆಸರಿನವರು 1,63,036 ಮಂದಿ. ಅತಿ ಹೆಚ್ಚು ಬಳಕೆಯ ಹೆಸರುಗಳಲ್ಲಿ ಅದಕ್ಕೆ 138ನೆಯ ಸ್ಥಾನ. ಅವರಲ್ಲಿ ಶೇಕಡಾ 90ರಷ್ಟು ಜನ ಕಪ್ಪು ವರ್ಣೀಯರು. ಇಂಗ್ಲೆಂಡಿನ ಹಳ್ಳಿಯೊಂದರ ಹೆಸರು ಆಫ್ರಿಕದಿಂದ ಸರಪಳಿ ತೊಡಿಸಿ ತಂದವರ ಮೊಮ್ಮಕ್ಕಳಲ್ಲಿ ನೆಲೆಸಿದೆ ಎಂಬುದನ್ನು ಅರಿತ ಮೇಲೆ ಆ ಹೆಸರನ್ನು ಮೊದಲಿನಂತೆ ಉಚ್ಚರಿಸಲು ನನಗೆ ಸಾಧ್ಯವಾಗಿಲ್ಲ.

ಜಾರ್ಜ್‌ಗೆ ಸ್ವಂತ ಮಕ್ಕಳಿರಲಿಲ್ಲ. 1799ರಲ್ಲಿ ಅವರು ತೀರಿಕೊಂಡಾಗ ಅವರ ಎಸ್ಟೇಟ್ ಆದ ಮೌಂಟ್ ವರ್ನನ್‌ನಲ್ಲಿ ಮುನ್ನೂರಕ್ಕೂ ಹೆಚ್ಚು ಗುಲಾಮರಿದ್ದರು. ತಮಗೆ ಸೇರಿದ್ದ 123 ಮಂದಿಯ ಬಿಡುಗಡೆಯನ್ನು ಅವರು ಉಯಿಲಿನಲ್ಲಿ ಬರೆದಿದ್ದರು. ಅದಕ್ಕೂ ಮೊದಲೇ, 1776ರಲ್ಲಿ, ಅಲ್ಲಿಂದ ತಪ್ಪಿಸಿಕೊಂಡ ಹ್ಯಾರಿ ಎಂಬವರು ವಾಷಿಂಗ್ಟನ್ ಎಂಬ ಅಡ್ಡಹೆಸರನ್ನೇ ಹೊತ್ತು ಬ್ರಿಟಿಷರ ಪಾಳೆಯ ಸೇರಿ, ಕೆನಡಾದ ನೋವಾ ಸ್ಕೋಷಿಯಾ ದಾಟಿ ಆಫ್ರಿಕದ ಸಿಯೆರಾ ಲಿಯೋನ್‌ವರೆಗೆ ಹೋದರು. ಆದರೆ ಹೆಸರು ಹೊತ್ತ ಬಹುಪಾಲು ಜನರಿಗೆ ಮೌಂಟ್ ವರ್ನನ್‌ನೊಂದಿಗೆ ನಂಟಿಲ್ಲ. 1865ರಲ್ಲಿ ಗುಲಾಮಗಿರಿ ಕೊನೆಗೊಂಡು ದಾಖಲೆಗಳಲ್ಲಿ ಅಡ್ಡಹೆಸರು ಬರೆಸುವ ಕಾಲ ಬಂದಾಗ, ಒಡೆಯನ ಹೆಸರನ್ನು ಬೇಡವೆಂದವರು ದೇಶದ ಮೊದಲ ಅಧ್ಯಕ್ಷನ ಹೆಸರನ್ನು ಆರಿಸಿಕೊಂಡದ್ದೂ ಉಂಟು. ಗುಲಾಮಗಿರಿಯಲ್ಲಿ ಹುಟ್ಟಿ ಶಿಕ್ಷಣತಜ್ಞರಾದ ಬೂಕರ್ ಟಿ. ವಾಷಿಂಗ್ಟನ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿರುವ ಪ್ರಸಂಗವನ್ನು ಓದಿದವರು ಮರೆಯುವಂತಿಲ್ಲ: ಶಾಲೆಯಲ್ಲಿ ಹಾಜರಿ ಕರೆಯುವಾಗ ಉಳಿದ ಮಕ್ಕಳಿಗೆಲ್ಲ ಕಡೇಪಕ್ಷ ಎರಡು ಹೆಸರುಗಳಿರುವುದನ್ನು ಕೇಳಿ, ಒಂದೇ ಹೆಸರಿದ್ದ ಆ ಹುಡುಗ ತನ್ನ ಸರದಿ ಬಂದಾಗ ಶಾಂತವಾಗಿ ‘ಬೂಕರ್ ವಾಷಿಂಗ್ಟನ್’ ಎಂದುಬಿಟ್ಟನು. ಮಲತಂದೆಯ ಮೊದಲ ಹೆಸರೂ ವಾಷಿಂಗ್ಟನ್ ಎಂದೇ ಇತ್ತು. ಹುಡುಗ ಬೆಳೆದು ಅಲಬಾಮಾದ ಟಸ್ಕೀಗಿಯಲ್ಲಿ ವಿದ್ಯಾಸಂಸ್ಥೆ ಕಟ್ಟಿದನು. ಎಂಟುನೂರು ವರ್ಷಗಳ ಹಿಂದೆ ವಿಲಿಯಂ ಒಂದು ಜಮೀನಿನೊಂದಿಗೆ ಪಡೆದ ಹೆಸರನ್ನು ಈ ಹುಡುಗ ಅಂಗೈಯಷ್ಟು ಜಮೀನೂ ಇಲ್ಲದೆ ತನ್ನದಾಗಿಸಿಕೊಂಡನು. ನನ್ನ ಲೆಕ್ಕದಲ್ಲಿ ಆ ಹೆಸರಿನ ಮೇಲೆ ಅವನಿಗಿರುವ ಹಕ್ಕು ವಿಲಿಯಂನ ಹಕ್ಕಿಗಿಂತ ಕಿರಿದಲ್ಲ.

ಮಧ್ಯಾಹ್ನ ಡರಮ್‌ಗೆ ಹೋದೆನು. ವಿಯರ್ ನದಿ ಸುತ್ತುವರಿದ ಬಂಡೆಯ ಮೇಲಿನ ಕ್ಯಾಥೆಡ್ರಲ್‌ನ ಮೊಗಸಾಲೆಯಲ್ಲಿ, ನಾನು ಹುಡುಕುತ್ತಿದ್ದ ಫಲಕ ಗೋಡೆಯಲ್ಲಿತ್ತು. 1416ರಿಂದ 1446ರವರೆಗೆ ಇಲ್ಲಿನ ಮಠಾಧಿಪತಿಯಾಗಿದ್ದ ಜಾನ್ ವಾಷಿಂಗ್ಟನ್‌ನ ನೆನಪಿಗೆ ಹಾಕಿದ್ದು ಅದು. ಮಠದ ಇತಿಹಾಸ ಬರೆದ ವಿದ್ವಾಂಸ ಅವನು. ಅವನ ಮನೆತನವು ಅವನಿಗೆ ಗೊತ್ತಿಲ್ಲದ ನಾಡುಗಳಲ್ಲಿ ಅಳಿಯದ ಹೆಸರನ್ನು ಗಳಿಸಿತು ಎಂಬ ಅರ್ಥದ ಮಾತನ್ನು ಅಲ್ಲಿ ಕೆತ್ತಿದ್ದಾರೆ. ಫಲಕ ಬರೆಸಿದವರ ಮನಸ್ಸಿನಲ್ಲಿ ಜಾರ್ಜ್ ಇದ್ದಿರಬೇಕು. ಜಾನ್ ಸನ್ಯಾಸಿ, ಜಾರ್ಜ್ ನಿಸ್ಸಂತಾನ. ಇಬ್ಬರಿಂದಲೂ ಆ ಹೆಸರು ಮಕ್ಕಳಿಗೆ ದಾಟಲಿಲ್ಲ. ‘ಗೊತ್ತಿಲ್ಲದ ನಾಡುಗಳು’ ಎಂಬ ಮಾತನ್ನು ಮತ್ತೊಮ್ಮೆ ಓದುವಾಗ ನನಗೆ ಕಾಣಿಸಿದ್ದು ಶಾಲೆಯ ಬೆಂಚಿನಲ್ಲಿ ತನ್ನ ಸರದಿಗಾಗಿ ಕಾಯುತ್ತ ಕುಳಿತ ಒಬ್ಬ ಹುಡುಗ. ಸಂಜೆಯ ಪ್ರಾರ್ಥನೆಗೆ ಜನ ಒಳಗೆ ಹೋಗತೊಡಗಿದ್ದರು. ಫಲಕದ ಅಕ್ಷರಗಳನ್ನು ಪುಸ್ತಕದಲ್ಲಿ ಬರೆದುಕೊಂಡು ನಾನೂ ಅವರ ಹಿಂದೆ ಒಳಗೆ ನಡೆದೆನು.