ಲಾಗಿನ್ ಆದ ಮೇಲಷ್ಟೇ ಸಿಗುತ್ತಿದ್ದ ಷೇರ್

ಕೊನೆಗೂ ನನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ ಷೇರ್, ಅಂದರೆ ನೆಟ್‌ವರ್ಕ್‌ನಲ್ಲಿರುವ ಸರ್ವರ್ ಹಂಚಿಕೊಂಡ ಫೋಲ್ಡರ್, ತಾನಾಗಿಯೇ ಮೌಂಟ್ ಆಗುತ್ತಿದೆ (ಜೋಡಣೆಯಾಗುತ್ತಿದೆ)! ಸಾಂಬಾ (ಫೋಲ್ಡರ್ ಹಂಚುವ ತಂತ್ರಾಂಶ) ಬಳಕೆದಾರ, ಪಾಸ್‌ವರ್ಡ್ ಕಡತಕ್ಕೆ 600ರ ಅನುಮತಿ (ಒಡೆಯ ಮಾತ್ರ ಓದಿ ಬರೆಯಬಲ್ಲ), ಮೌಂಟ್‌ಗಳ ಪಟ್ಟಿಯ ಕಡತವಾದ ಎಫ್‌ಎಸ್‌ಟ್ಯಾಬ್‌ನಲ್ಲೊಂದು ಸಾಲು, ಇವೆಲ್ಲ ನಿಮಗೆ ಗೊತ್ತಿರುವುದೇ. ನನ್ನನ್ನು ಸತಾಯಿಸಿದ್ದು ಬೇರೆ. ಬೂಟ್ ಆದಾಗ ಫೋಲ್ಡರ್ ಖಾಲಿ. ಲಾಗಿನ್ ಆಗಿ ಕೈಯಿಂದ ಮೌಂಟ್ ಮಾಡಿದರೆ ಮರುಕ್ಷಣವೇ ಎಲ್ಲ ಕಡತಗಳೂ ಹಾಜರು.

ಜರ್ನಲ್‌ನಲ್ಲಿ (ಸಿಸ್ಟಮ್‌ನ ದಾಖಲೆಯಲ್ಲಿ) ಇದ್ದದ್ದು ಮೌಂಟ್ ಎರರ್ 101, ಅಂದರೆ ನೆಟ್‌ವರ್ಕ್ ಸಿಗುತ್ತಿಲ್ಲ. ಎಫ್‌ಎಸ್‌ಟ್ಯಾಬ್ ಸಾಲಿನಲ್ಲಿ 'ನೆಟ್‌ಡೆವ್' ಆಯ್ಕೆ ಇದ್ದೇ ಇತ್ತು. ಅಂದರೆ ನೆಟ್‌ವರ್ಕ್‌ಗಾಗಿ ಕಾಯಬೇಕೆಂದು ಸಿಸ್ಟಮ್‌ಡಿಗೆ (ಬೂಟ್‌ನಲ್ಲಿ ಸೇವೆಗಳನ್ನು ಎಬ್ಬಿಸುವ ತಂತ್ರಾಂಶಕ್ಕೆ) ಹೇಳಿಯಾಗಿತ್ತು. ಜರ್ನಲನ್ನು ಸಾಲುಸಾಲಾಗಿ ಓದಿದಾಗ ಗುಟ್ಟು ಬಿಚ್ಚಿಕೊಂಡಿತು. ಮೊದಲು 'ನೆಟ್‌ವರ್ಕ್ ಆನ್‌ಲೈನ್' ಟಾರ್ಗೆಟ್ (ಸಿಸ್ಟಮ್‌ಡಿಯ ಬೂಟ್ ಹಂತ) ಮುಟ್ಟಿದ ಸಾಲು, ಅದರ ಕೆಳಗೆ ಸೋತ ಮೌಂಟ್, ಇನ್ನೂ ಬಹಳ ಕೆಳಗೆ, ಲಾಗಿನ್ ಆದ ನಂತರ, ವೈಫೈ ಸಂಪರ್ಕಗೊಂಡ ಸಾಲು!

ವೈಫೈ ಪಾಸ್‌ವರ್ಡ್ ಇದ್ದದ್ದು ಬಳಕೆದಾರರ ಕೀರಿಂಗ್‌ನಲ್ಲಿ (ಪಾಸ್‌ವರ್ಡ್‌ಗಳ ತಿಜೋರಿಯಲ್ಲಿ). ಲಾಗಿನ್ ಆಗುವವರೆಗೆ ಆ ಬೀಗ ತೆರೆಯುವುದಿಲ್ಲ, ಹಾಗಾಗಿ ನೆಟ್‌ವರ್ಕ್ ಮ್ಯಾನೇಜರ್‌ಗೆ ಸಂಪರ್ಕಿಸಲು ದಾರಿಯೇ ಇಲ್ಲ. ತನ್ನಿಂದ ಆಗುವ ಕೆಲಸ ಮುಗಿಯಿತೆಂದು ಅದು ವರದಿ ಒಪ್ಪಿಸುತ್ತದೆ, ಟಾರ್ಗೆಟ್ ಅದನ್ನು ನಂಬುತ್ತದೆ. ಸಂಪರ್ಕದ ಸೆಟ್ಟಿಂಗ್‌ನಲ್ಲಿ 'ಎಲ್ಲ ಬಳಕೆದಾರರಿಗೂ ಲಭ್ಯ' ಎಂದು ಗುರುತು ಹಾಕಿದೆ. ಪಾಸ್‌ವರ್ಡ್ ರೂಟ್ (ನಿರ್ವಾಹಕ) ಮಾತ್ರ ಓದಬಲ್ಲ ಕಡತಕ್ಕೆ ಹೋಯಿತು, ವೈಫೈ ಬೂಟ್‌ನಲ್ಲೇ ಎದ್ದಿತು.

ಆದರೂ ಬೂಟ್ ಸಮಯದಲ್ಲೇ ಮೌಂಟ್ ಮಾಡುವ ಹಟ ನನಗೆ ಸರಿಕಾಣಲಿಲ್ಲ. ಸರ್ವರ್ ಆಗ ಮಲಗಿದ್ದರೆ ಮತ್ತೆ ಅದೇ ಕಥೆ. ಆದ್ದರಿಂದ ಸಿಸ್ಟಮ್‌ಡಿಯ ಆಟೊಮೌಂಟ್ ಆಯ್ಕೆಯನ್ನೂ ಸೇರಿಸಿದೆ. ಈಗ ಬೂಟ್‌ನಲ್ಲಿ ಮೌಂಟ್ ಆಗುವುದೇ ಇಲ್ಲ. ಯಾರಾದರೂ ಆ ಫೋಲ್ಡರನ್ನು ಮುಟ್ಟಿದಾಗ ಕರ್ನಲ್ (ಲಿನಕ್ಸ್‌ನ ತಿರುಳು) ಅವರನ್ನು ತಡೆದು ನಿಲ್ಲಿಸಿ, ಮೌಂಟ್ ಮುಗಿದ ಮೇಲೆ ಒಳಗೆ ಬಿಡುತ್ತದೆ. ಟರ್ಮಿನಲ್‌ನಲ್ಲಿ 'ಎಲ್‌ಎಸ್' (ಕಡತಗಳ ಪಟ್ಟಿ ತೋರಿಸುವ ಆದೇಶ) ಕೊಟ್ಟರೆ ಕರ್ಸರ್ ಅರೆಗಳಿಗೆ ತಡೆಯುತ್ತದೆ, ಆಮೇಲೆ ಪಟ್ಟಿ ಧುಮುಕುತ್ತದೆ. ಆ ಅರೆಗಳಿಗೆ ನನಗೆ ಬಹಳ ಇಷ್ಟ! ಎರಡು ಮಾತು ನೆನಪಿಡಿ: ಐಡಲ್ ಟೈಮ್‌ಔಟ್ (ಯಾರೂ ಬಳಸದಿದ್ದರೆ ಮೌಂಟ್ ಕಳಚುವ ಅವಧಿ) ಮೂಲತಃ ಸೊನ್ನೆ, ನೀವು ಸೆಕೆಂಡು ಕೊಡದಿದ್ದರೆ ಮೌಂಟ್ ತಾನಾಗಿ ಇಳಿಯುವುದಿಲ್ಲ. ಮೌಂಟ್ ಟೈಮ್‌ಔಟನ್ನು 10 ಸೆಕೆಂಡಿಗೆ ಇಳಿಸಿ, ಇಲ್ಲವಾದರೆ ಸತ್ತ ಸರ್ವರ್‌ಗಾಗಿ ಫೈಲ್ ಮ್ಯಾನೇಜರ್ ಜಡವಾಗಿ ಕುಳಿತುಬಿಡುತ್ತದೆ.

ಉಳಿದಿರುವುದು ಹಳೆಯ ಸ್ಟೋರೇಜ್ ಪೆಟ್ಟಿಗೆಯ ಮೇಲಿನ ಸಿಟ್ಟು. ಅದಕ್ಕೆ ಎಸ್‌ಎಂಬಿ 1 (ಕಡತ ಹಂಚುವ ಹಳೆಯ ಶಿಷ್ಟಾಚಾರ) ಬಿಟ್ಟು ಬೇರೆ ಭಾಷೆ ಬಾರದು, ತಯಾರಕರು ಫರ್ಮ್‌ವೇರ್ ಅಪ್‌ಡೇಟ್ ನಿಲ್ಲಿಸಿಬಿಟ್ಟಿದ್ದಾರೆ. ಲಿನಕ್ಸ್ ಕರ್ನಲ್ 2017ರಲ್ಲಿ, 4.13ನೇ ಆವೃತ್ತಿಯಿಂದ, ಎಸ್‌ಎಂಬಿ 1 ಅನ್ನು ಮೂಲ ಆಯ್ಕೆಯಿಂದ ಕೈಬಿಟ್ಟಿತು, ಸರಿಯಾಗಿಯೇ ಬಿಟ್ಟಿತು. ಪಿಂಗ್‌ಗೆ ('ಇದ್ದೀಯಾ' ಎಂಬ ನೆಟ್‌ವರ್ಕ್ ಕರೆಗೆ) ಉತ್ತರಿಸುವ ಪೆಟ್ಟಿಗೆಯ ಬಗ್ಗೆ 'ಹೋಸ್ಟ್ ಈಸ್ ಡೌನ್' ಎಂಬ ಎರರ್ 112 ಬಂದರೆ ಮೊದಲು ಈ ಆವೃತ್ತಿಯ ಜಗಳವನ್ನೇ ಶಂಕಿಸಿ. ಹಣ ಕೊಟ್ಟು ಕೊಂಡ ಗಟ್ಟಿ ಯಂತ್ರವನ್ನು ಹೀಗೆ ಅನಾಥ ಮಾಡುವುದು ಅನ್ಯಾಯ.

ಅದರ ಡಿಸ್ಕ್‌ಗಳನ್ನು ಬಿಚ್ಚಿ ಪುಟ್ಟ ಬೋರ್ಡ್ ಕಂಪ್ಯೂಟರಿಗೆ ಹಾಕಿ ಎನ್‌ಎಫ್‌ಎಸ್ 4 (ಕಡತ ಹಂಚುವ ಇನ್ನೊಂದು ಶಿಷ್ಟಾಚಾರ) ನಡೆಸುವುದು ಮುಂದಿನ ಕೆಲಸ. ಅಲ್ಲಿ ಆಟೊಎಫ್‌ಎಸ್ (ಕೇಳಿದಾಗ ಮೌಂಟ್ ಮಾಡುವ ತಂತ್ರಾಂಶ) ಪ್ರಯೋಗಿಸಬೇಕು: ಅದರ ನಕ್ಷೆಯಲ್ಲಿ (ಸೆಟ್ಟಿಂಗ್ ಕಡತದಲ್ಲಿ) ನಕ್ಷತ್ರ ಚಿಹ್ನೆಯ ಒಂದೇ ಸಾಲು ಬರೆದರೆ ಕೇಳಿದ ಹೆಸರಿನ ಫೋಲ್ಡರ್ ಆಗಿಂದಾಗ ಬಂದು ಸೇರುತ್ತದೆ. ಕೇಬಲ್ ಮತ್ತು ಪವರ್ ಅಡಾಪ್ಟರ್ ಬರಬೇಕಿದೆ.